ಸಿಂಕ್ ಜಾಲರಿಯ ನೆಕ್ಲೇಸ್: ಬಂಗಾರ ಇಲ್ಲದ ಒಡವೆಗಳ ಕಥೆ

ಭಾಗ 1

ಮೊದಲ ಫೋಟೊನ ಸ್ವಲ್ಪ ಝೂಮ್ ಮಾಡಿ. ಕುತ್ತಿಗೆಗೆ ಹಾಕೋ ಹಾರ. ನಡುವೆ ದುಂಡಗೆ ಪದಕದ ಥರ ಕಾಣ್ತಿದೆಯಲ್ಲ, ಅದು ಪದಕ ಅಲ್ಲ. ಸಿಂಕಿನ ತೂತಿಗೆ ಹಾಕ್ತಾರಲ್ಲ, ಅನ್ನದ ಅಗುಳು ಪೈಪಿಗೆ ಹೋಗದೇ ಇರ್ಲಿ ಅಂತ, ಆ ಜಾಲರಿ. ಅದರ ಕೆಳಗೆ ಕುಚ್ಚಿನ ಹಾಗೆ ಇಳಿಬಿದ್ದಿರೋದು ಪೇಪರ್ ಕ್ಲಿಪ್‌ಗಳು. ಸರ ಅಂದ್ರೆ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗೋ ಮಾಮೂಲಿ ಸರಪಳಿ.

ಇದನ್ನ ಮಾಡಿದ್ದು ಸುಮಾರು 1940ರಲ್ಲಿ, ಅಮೆರಿಕದ ನಾರ್ತ್ ಕೆರೊಲೈನಾದ ಬೆಟ್ಟಗಳ ನಡುವಿನ ಒಂದು ಪುಟ್ಟ ಕಾಲೇಜಿನಲ್ಲಿ. ಮಾಡಿದವರು ಇಬ್ಬರು: ನೇಯ್ಗೆ ಕಲಿಸ್ತಿದ್ದ ಅನ್ನಿ ಆಲ್ಬರ್ಸ್, ಮತ್ತು ಅದೇ ಕಾಲೇಜಿನ ವಿದ್ಯಾರ್ಥಿ ಅಲೆಕ್ಸ್ ರೀಡ್. ಇಂಟರ್ನೆಟ್ಟಲ್ಲಿ ಎಷ್ಟೋ ಕಡೆ ಬರೀ ಅನ್ನಿಯ ಹೆಸರು ಹಾಕ್ತಾರೆ. ರೀಡ್ ಹೆಸರನ್ನೂ ನೆನಪಿಟ್ಕೊಳ್ಳಿ. ಸ್ಟೂಡೆಂಟ್ ಹೆಸರು ಮಾಯ ಆಗೋದು ಎಷ್ಟು ಸುಲಭ ಅಂತ ನಮ್ಮ ಕ್ಲಾಸಿನವರಿಗೆ ಬಿಡಿಸಿ ಹೇಳ್ಬೇಕಾಗಿಲ್ಲ.

"ಬೆಸ್ಟ್ ಔಟ್ ಆಫ್ ವೇಸ್ಟ್" ಅಂತ ಸ್ಕೂಲಲ್ಲಿ ಮಾಡಿಸ್ತಿದ್ರಲ್ಲ, ಅದೇ ತಾನೇ ಅಂತ ಕೆಲವರಿಗೆ ಅನ್ನಿಸಬಹುದು. ಅಲ್ಲ. ಯಾಕೆ ಅಲ್ಲ ಅಂತ ಗೊತ್ತಾಗ್ಬೇಕಂದ್ರೆ ಮೊದಲು ಬರ್ಲಿನ್‌ಗೆ ಹೋಗ್ಬೇಕು, ಅದೂ ಇನ್ನೂರು ವರ್ಷ ಹಿಂದಕ್ಕೆ.

ಭಾಗ 2

ಅನ್ನಿ ಹುಟ್ಟಿದ್ದು 1899ರಲ್ಲಿ, ಬರ್ಲಿನ್‌ನಲ್ಲಿ. ಆ ಊರಿಗೂ ಬಂಗಾರ ಅಲ್ಲದ ಒಡವೆಗೂ ಹಳೇ ನಂಟು.

1804ರಲ್ಲಿ ಅಲ್ಲಿ ಪ್ರಷ್ಯಾ ರಾಜರ ಕಬ್ಬಿಣ ಎರಕದ ಕಾರ್ಖಾನೆ ಶುರುವಾಯ್ತು. ಅಲ್ಲಿ ಕಬ್ಬಿಣದಲ್ಲೇ ಒಡವೆ ಮಾಡೋರು: ಹಾರ, ಬಳೆ, ಓಲೆ, ಶಿಲುಬೆ. ಕಬ್ಬಿಣ ಅಂದ ಕೂಡಲೇ ದಪ್ಪ, ಭಾರ ಅಂದ್ಕೋಬೇಡಿ (ಎರಡನೇ ಫೋಟೊ). ನುಣ್ಣನೆ ಮರಳಿನ ಅಚ್ಚಿಗೆ ಎರಕ ಹೊಯ್ದು ತೆಗೆದ ಆ ಕೆಲಸ ಎಷ್ಟು ನಾಜೂಕು ಅಂದ್ರೆ ಲೇಸ್ ಬಟ್ಟೆ ಥರ ಇದೆ. ತುಕ್ಕು ಹಿಡೀಬಾರದು ಅಂತ ಮೇಲೆ ಕಪ್ಪು ಲೇಪ. ಕಪ್ಪು ಇದ್ದಿದ್ರಿಂದ ಸಾವಿನ ಸೂತಕದಲ್ಲಿ ಹಾಕ್ಕೊಳ್ಳೋಕೆ ಸರಿಹೋಗ್ತಿತ್ತು.

ಆಮೇಲೆ 1813 ಬಂತು. ನೆಪೋಲಿಯನ್ ವಿರುದ್ಧ ಪ್ರಷ್ಯಾ ಮತ್ತೆ ಯುದ್ಧಕ್ಕೆ ಇಳೀತು. ಏಳು ವರ್ಷದ ಹಿಂದೆ ಸೋತು, ಕಪ್ಪ ಕಟ್ಟಿ ಕಟ್ಟಿ ಖಜಾನೆ ಖಾಲಿ. ಆಗ ರಾಜಮನೆತನದ ಮರಿಯಾನೆ ಹೆಂಗಸರಿಗೆ ಒಂದು ಕರೆ ಕೊಟ್ಟಳು: ನಿಮ್ಮ ಬಂಗಾರ ದೇಶಕ್ಕೆ ಕೊಡಿ. ಕೊಟ್ಟವರಿಗೆ ಬದಲಿಗೆ ಕಬ್ಬಿಣದ ಉಂಗುರ, ಕಬ್ಬಿಣದ ಒಡವೆ. ಅದರ ಮೇಲೆ "ಬಂಗಾರ ಕೊಟ್ಟು ಕಬ್ಬಿಣ ಪಡೆದೆ" ಅನ್ನೋ ಅರ್ಥದ ಜರ್ಮನ್ ಮಾತು.

ಇಲ್ಲಿ ಒಂದು ಉಲ್ಟಾ ಆಟ ನಡೀತು. ಬೆರಳಲ್ಲಿ ಬಂಗಾರ ಇದ್ರೆ ನಾಚಿಕೆ ಪಡೋ ಹಾಗಾಯ್ತು, ಯಾಕಂದ್ರೆ ಅದು "ನಾನು ಕೊಡಲಿಲ್ಲ" ಅಂತ ಸಾರಿ ಹೇಳ್ತಿತ್ತು. ಕಬ್ಬಿಣ ಮರ್ಯಾದೆ ಆಯ್ತು. ಮೂರು ಕಾಸಿನ ಲೋಹಕ್ಕೆ ಬಂಗಾರಕ್ಕಿಂತ ಜಾಸ್ತಿ ಬೆಲೆ ಬಂದಿದ್ದು ಅದರ ತೂಕದಿಂದ ಅಲ್ಲ, ಅದರ ಹಿಂದಿನ ಮಾತಿನಿಂದ. (ಸೈಡಲ್ಲಿ ಒಂದು ಮಾತು: ಆಮೇಲೆ ಅದೂ ಫ್ಯಾಷನ್ ಆಗಿ, ಏನೂ ಕೊಡದವರೂ ಕಬ್ಬಿಣದ ಒಡವೆನ ದುಡ್ಡು ಕೊಟ್ಟು ಕೊಂಡ್ಕೊಂಡ್ರು. ಫ್ಯಾಷನ್ ಯಾವತ್ತೂ ಹೀಗೇ.)

ಭಾಗ 3

ನೂರು ವರ್ಷ ಆದ್ಮೇಲೆ, ಮೊದಲ ಮಹಾಯುದ್ಧದಲ್ಲಿ, ಜರ್ಮನಿ ಅದೇ ಆಟ ಮತ್ತೆ ಆಡಿಸಿತು. ಬಂಗಾರ ಕೊಡಿ, ಕಬ್ಬಿಣ ತಗೊಳ್ಳಿ. ಅನ್ನಿ ಆಗ ಹದಿಹರೆಯದ ಹುಡುಗಿ. ಆಕೆಯ ಅಮ್ಮನದು ಉಲ್‌ಸ್ಟೈನ್ ಮನೆತನ, ಜರ್ಮನಿಯ ದೊಡ್ಡ ಪತ್ರಿಕೆ-ಪುಸ್ತಕ ಪ್ರಕಾಶಕರು. ಮೂಲದಲ್ಲಿ ಯಹೂದಿಗಳು, ಆದ್ರೆ ಅನ್ನಿಗೆ ಚರ್ಚಿನಲ್ಲಿ ದೀಕ್ಷೆ ಆಗಿತ್ತು. ಆ ಯುದ್ಧದಲ್ಲಿ ಸುಮಾರು 1 ಲಕ್ಷ ಯಹೂದಿ ಸೈನಿಕರು ಜರ್ಮನಿಯ ಪರವಾಗಿ ಹೋರಾಡಿದರು. ದೇಶ ನಮ್ದೇ ಅನ್ನೋದರಲ್ಲಿ ಅವರಿಗೆ ಅನುಮಾನ ಇರಲಿಲ್ಲ.

ಈಗ ಕ್ಯಾಲೆಂಡರ್ ತಿರುವಿ. 1939ರ ಫೆಬ್ರವರಿ 21. ನಾಜಿ ಸರ್ಕಾರದ ಆದೇಶ: ಯಹೂದಿಗಳು ತಮ್ಮ ಹತ್ರ ಇರೋ ಬಂಗಾರ, ಬೆಳ್ಳಿ, ಪ್ಲಾಟಿನಂ, ರತ್ನ, ಮುತ್ತು ಎಲ್ಲಾನೂ ಎರಡು ವಾರದೊಳಗೆ ತಂದು ಒಪ್ಪಿಸಬೇಕು. ಒಪ್ಪಿಸಬೇಕಾದ ಜಾಗ ಯಾವುದು ಗೊತ್ತಾ? ಊರಿನ ಸರ್ಕಾರಿ ಗಿರವಿ ಅಂಗಡಿ. ಕೈಗೆ ಸಿಕ್ಕಿದ್ದು ಪುಡಿಗಾಸು. ಮದುವೆ ಉಂಗುರ ಇಟ್ಕೋಬಹುದಿತ್ತು, ತಲೆಗೆ ಇಷ್ಟು ಅಂತ ಲೆಕ್ಕ ಹಾಕಿ ಒಂದಿಷ್ಟು ಚಮಚ, ಫೋರ್ಕು ಇಟ್ಕೋಬಹುದಿತ್ತು. ಬಂಗಾರದ ಹಲ್ಲಿಗೂ ವಿನಾಯಿತಿ ಬರೆದಿದ್ರು. ಅಂದ್ರೆ ಹಲ್ಲಿನ ಬಗ್ಗೆನೂ ಯಾರೋ ಆಫೀಸಲ್ಲಿ ಕೂತು ಯೋಚನೆ ಮಾಡಿದ್ರು ಅಂತಾಯ್ತು.

1813ರಲ್ಲಿ ಬಂಗಾರ ಕೊಟ್ಟವರಿಗೆ ಕಬ್ಬಿಣದ ಉಂಗುರ ಸಿಕ್ಕಿತ್ತು, ಜೊತೆಗೆ ಮರ್ಯಾದೆ. 1939ರಲ್ಲಿ ಸಿಕ್ಕಿದ್ದು ಒಂದು ರಸೀದಿ.

ಅದೇ ವರ್ಷ ಅನ್ನಿಯ ಅಪ್ಪ ಅಮ್ಮ ಜರ್ಮನಿ ಬಿಟ್ಟು ಹಡಗು ಹತ್ತಿ ಮೆಕ್ಸಿಕೊಗೆ ಬಂದರು. ಅನ್ನಿ ಆರು ವರ್ಷ ಮೊದಲೇ ದೇಶ ಬಿಟ್ಟಿದ್ದಳು. ಈ ಆದೇಶದಿಂದಲೇ ಸಿಂಕ್ ಜಾಲರಿ ಹಾರ ಹುಟ್ಟಿತು ಅಂತ ನಾನು ಹೇಳ್ತಿಲ್ಲ. ಆಕೆ ಹೇಳಿದ ಕಾರಣ ಬೇರೆ, ಅದಕ್ಕೆ ಬರ್ತೀನಿ. ಆದ್ರೆ ಹಾರ ನೋಡುವಾಗ ಈ ತಾರೀಕು ತಲೆಯಿಂದ ಹೋಗಲ್ಲ.

ಭಾಗ 4

ಅನ್ನಿ 1922ರಲ್ಲಿ ಬೌಹೌಸ್ ಸೇರಿದಳು. ಡಿಸೈನ್ ಓದೋರಿಗೆ ಈ ಹೆಸರು ಮೊದಲ ವಾರದಲ್ಲೇ ಕಿವಿಗೆ ಬಿದ್ದಿರುತ್ತೆ. ಗಂಡು-ಹೆಣ್ಣು ಭೇದ ಇಲ್ಲ ಅಂತ ಶುರುವಾದ ಶಾಲೆ. ವಾಸ್ತವದಲ್ಲಿ ಹೆಣ್ಣುಮಕ್ಕಳನ್ನ ಸೀದಾ ನೇಯ್ಗೆ ವಿಭಾಗಕ್ಕೆ ಕಳಿಸೋರು. ಅನ್ನಿಗೂ ಮೊದಮೊದಲು ಅದು ಇಷ್ಟ ಇರಲಿಲ್ಲ, ನೂಲು ಅಂದ್ರೆ ಹೆಂಗಸರ ಕೆಲಸ ಅನ್ನಿಸಿತ್ತು. ಆಮೇಲೆ ಅದೇ ನೂಲು ಅವಳ ಜೀವನ ಆಯ್ತು.

1930ರಲ್ಲಿ ಡಿಪ್ಲೊಮಾಗೆ ಅಂತ ಆಕೆ ಮಾಡಿದ ಬಟ್ಟೆ ನೋಡಿ. ಬರ್ನಾವ್ ಅನ್ನೋ ಊರಿನ ಒಂದು ಶಾಲೆಯ ಸಭಾಂಗಣಕ್ಕೆ ಗೋಡೆ ಹೊದಿಕೆ ಬೇಕಿತ್ತು. ಮಾತು ಗೋಡೆಗೆ ಬಡಿದು ಪ್ರತಿಧ್ವನಿ ಆಗ್ಬಾರದು, ಬೆಳಕೂ ಕಮ್ಮಿ ಆಗ್ಬಾರದು. ಅನ್ನಿ ಹಿಂಬದಿಗೆ ಶಬ್ದ ಹೀರೋ ಮೆತ್ತನೆ ಶೆನೀಲ್ ನೂಲು, ಮುಂಬದಿಗೆ ಬೆಳಕು ಚಿಮ್ಮಿಸೋ ಸೆಲೋಫೇನ್ ಹಾಕಿ ನೇಯ್ದಳು. ಸೆಲೋಫೇನ್! ಗಿಫ್ಟ್ ಪ್ಯಾಕ್ ಮಾಡೋ ಹಾಳೆ ಥರದ್ದು. ಹತ್ತು ವರ್ಷ ಆದ್ಮೇಲೆ ಪೇಪರ್ ಕ್ಲಿಪ್ ಹಿಡಿದ ಕೈ ಇಲ್ಲೇ ತಯಾರಾಗ್ತಿತ್ತು. ಈ ವಸ್ತು ಯಾವ ಜಾತಿಗೆ ಸೇರಿದ್ದು ಅಂತ ಕೇಳೋದಲ್ಲ, ಇದು ಏನು ಮಾಡಬಲ್ಲದು ಅಂತ ಕೇಳೋದು.

1933ರಲ್ಲಿ ನಾಜಿಗಳ ಒತ್ತಡಕ್ಕೆ ಬೌಹೌಸ್ ಮುಚ್ಚಿತು. ಅದೇ ನವೆಂಬರ್‌ನಲ್ಲಿ ಅನ್ನಿ ಮತ್ತು ಗಂಡ ಯೋಸೆಫ್ ಆಲ್ಬರ್ಸ್ ಅಮೆರಿಕಕ್ಕೆ ಬಂದಿಳಿದರು. ಆಗಷ್ಟೇ ಶುರುವಾಗಿದ್ದ ಬ್ಲ್ಯಾಕ್ ಮೌಂಟನ್ ಕಾಲೇಜಿನಲ್ಲಿ ಯೋಸೆಫ್‌ಗೆ ಕೆಲಸ ಸಿಕ್ಕಿತ್ತು. ಆತನಿಗೆ ಇಂಗ್ಲಿಷ್ ಹೆಚ್ಚುಕಮ್ಮಿ ಬರ್ತಾನೇ ಇರಲಿಲ್ಲ. ಕಾಲೇಜಿನ ಹತ್ರ ದುಡ್ಡಿರಲಿಲ್ಲ. ಮೇಷ್ಟ್ರು, ವಿದ್ಯಾರ್ಥಿಗಳು ಎಲ್ಲಾ ಸೇರಿ ಹೊಲದಲ್ಲಿ ದುಡೀತಿದ್ರು, ಅಡುಗೆಮನೆಯಲ್ಲೂ ಕೈಜೋಡಿಸ್ತಿದ್ರು.

ಭಾಗ 5

ಅಲ್ಲಿಂದ ಅವರು ಮತ್ತೆ ಮತ್ತೆ ಹೋಗ್ತಿದ್ದ ಜಾಗ ಮೆಕ್ಸಿಕೊ. ಮೊದಲ ಸಲ ಹೋಗಿದ್ದು 1935ರ ಚಳಿಗಾಲದಲ್ಲಿ.

ಅಲ್ಲಿನ ಒಹಾಕಾ ಪಟ್ಟಣದ ಪಕ್ಕದ ಗುಡ್ಡದ ಮೇಲೆ ಮೊಂಟೆ ಅಲ್ಬಾನ್ ಅನ್ನೋ ಹಾಳು ನಗರ ಇದೆ. 1932ರ ಜನವರಿಯಲ್ಲಿ ಅಲ್ಫೊನ್ಸೊ ಕಾಸೊ ಅನ್ನೋ ಪುರಾತತ್ವಜ್ಞ ಅಲ್ಲಿ 7ನೇ ನಂಬರಿನ ಸಮಾಧಿ ತೆರೆದ. ಮೊದಲು ಸಪೊಟೆಕ್ ಜನ ಕಟ್ಟಿ, ಆಮೇಲೆ ಮಿಶ್ಟೆಕ್ ಜನ ತಮ್ಮವರನ್ನ ಇಟ್ಟ ಸಮಾಧಿ. ಒಳಗೆ ಬಂಗಾರ ರಾಶಿ. ಆದ್ರೆ ಅನ್ನಿಯ ಕಣ್ಣು ನಿಂತಿದ್ದು ಬರೀ ಬಂಗಾರದ ಮೇಲಲ್ಲ, ಅದನ್ನ ಯಾವುದರ ಜೊತೆ ಪೋಣಿಸಿದ್ದಾರೆ ಅನ್ನೋದರ ಮೇಲೆ. ಬಂಗಾರದ ಪಕ್ಕ ಸಮುದ್ರದ ಚಿಪ್ಪು. ಸ್ಫಟಿಕದ ಪಕ್ಕ ಮುತ್ತು. ಅಮೂಲ್ಯವಾದ್ದು, ಬಿಟ್ಟಿ ಸಿಕ್ಕಿದ್ದು ಒಂದೇ ಸಾಲಲ್ಲಿ, ಮೇಲು ಕೀಳು ಇಲ್ಲದೆ ಕೂತಿದ್ವು.

ಆ ಮಿಶ್ಟೆಕ್ ಅಕ್ಕಸಾಲಿಗನಿಗೆ ಚಿಪ್ಪು ಹಾಕೋದಕ್ಕೆ ಬಡತನ ಕಾರಣ ಆಗಿರಲಿಲ್ಲ, ಪಕ್ಕದಲ್ಲೇ ಬಂಗಾರ ಇತ್ತಲ್ಲ. ಚಿಪ್ಪಿನ ಬಿಳುಪು ಬೇಕಿತ್ತು, ಹಾಕಿದ. ಅಷ್ಟೇ.

ನನ್ನ ಪ್ರಕಾರ ಇಡೀ ಕಥೆಯ ಕೀಲಿ ಇಲ್ಲಿದೆ.

ಭಾಗ 6

ವಾಪಸ್ ಬಂದ್ಮೇಲೆ ಅನ್ನಿ, ರೀಡ್ ಇಬ್ಬರೂ ಅಂಗಡಿ ಸುತ್ತೋಕೆ ಶುರು ಮಾಡಿದ್ರು. ಒಡವೆ ಅಂಗಡಿ ಅಲ್ಲ. ಹಾರ್ಡ್‌ವೇರ್ ಅಂಗಡಿ, ಐದು-ಹತ್ತು ಸೆಂಟಿಗೆ ಸಾಮಾನು ಮಾರೋ ಅಂಗಡಿ. ನಮ್ಮಲ್ಲಾದ್ರೆ ಎಸ್‌ಪಿ ರೋಡು ಅಂದ್ಕೊಳ್ಳಿ.

ಅವರು ಒಡವೆ ಮಾಡಿದ ಸಾಮಾನು ಕೇಳಿ: ವಾಷರ್, ಹೇರ್‌ಪಿನ್, ಬಾಟಲಿ ಬಿರಡೆ, ಪೇಪರ್ ಕ್ಲಿಪ್, ಸ್ಕ್ರೂ ಕೊಂಡಿ, ರಿಬ್ಬನ್, ಗುಂಡುಗುಂಡು ಮಣಿಯ ಸರಪಳಿ.

ಮೂರನೇ ಫೋಟೊ ನನ್ನ ಫೇವರಿಟ್. ಅಲ್ಯೂಮಿನಿಯಂ ವಾಷರ್‌ಗಳ ಸಾಲು, ಅದರ ತೂತುಗಳಲ್ಲಿ ಒಳಗೆ-ಹೊರಗೆ ಹಾದುಹೋಗೋ ಕೆಂಪು ರಿಬ್ಬನ್. ಬೆಸುಗೆ ಇಲ್ಲ, ಅಂಟು ಇಲ್ಲ, ಕೊಕ್ಕೆ ಇಲ್ಲ. ರಿಬ್ಬನ್ನೇ ದಾರ, ರಿಬ್ಬನ್ನೇ ಬಣ್ಣ, ಹಿಂದೆ ಗಂಟು ಹಾಕಿದ್ರೆ ರಿಬ್ಬನ್ನೇ ಬೀಗ. ಒಂದು ವಾಷರ್ ಇನ್ನೊಂದರ ಮೇಲೆ ಅರ್ಧ ಕೂತಿರೋದ್ರಿಂದ ಮೀನಿನ ಹುರುಪೆ ಥರ ಕಾಣುತ್ತೆ. ಸರಿಯಾಗಿ ನೋಡಿದ್ರೆ ಇದು ನೇಯ್ಗೆನೇ. ವಾಷರ್ ಹಾಸು, ರಿಬ್ಬನ್ ಹೊಕ್ಕು. ನೇಕಾರ್ತಿ ಹಾರ್ಡ್‌ವೇರ್ ಅಂಗಡಿಗೆ ಹೋದ್ರೆ ಏನಾಗುತ್ತೋ ಅದು ಇದು.

ಇನ್ನೊಂದರಲ್ಲಿ ಸರಪಳಿಗೆ ಸಾಲಾಗಿ ಹೇರ್‌ಪಿನ್ ನೇತು ಹಾಕಿದ್ದಾರೆ. ಹಾಕ್ಕೊಂಡ್ರೆ ಕತ್ತಿನ ಸುತ್ತ ಸೂರ್ಯನ ಕಿರಣದ ಹಾಗೆ ಹರಡ್ಕೊಳ್ಳುತ್ತೆ. ಹೇರ್‌ಪಿನ್‌ಗೆ ಬಣ್ಣ ಬಳಿದಿಲ್ಲ, ಬಗ್ಗಿಸಿಲ್ಲ, ಬೇರೇನೋ ಅಂತ ನಟನೆ ಮಾಡ್ಸಿಲ್ಲ. ಅದು ಹೇರ್‌ಪಿನ್ನೇ. ಆದ್ರೂ ಒಂದು ಕ್ಷಣ ಅದು ಹೇರ್‌ಪಿನ್ ಅನ್ನೋದು ಮರೆತುಹೋಗುತ್ತೆ. ಸ್ಕೂಲಿನ "ಬೆಸ್ಟ್ ಔಟ್ ಆಫ್ ವೇಸ್ಟ್"ಗೂ ಇದಕ್ಕೂ ಇರೋ ವ್ಯತ್ಯಾಸ ಇದೇ. ಅಲ್ಲಿ ಬಾಟಲಿಗೆ ಬಣ್ಣ ಬಳಿದು ಬಾಟಲಿ ಅಂತ ಗೊತ್ತಾಗದ ಹಾಗೆ ಮುಚ್ಚಿಡ್ತೀವಿ. ಇಲ್ಲಿ ಏನೂ ಮುಚ್ಚಿಟ್ಟಿಲ್ಲ. ಜೊತೆಗೆ ಇದು ಕಸನೂ ಅಲ್ಲ, ಹೊಸ ಸಾಮಾನು, ದುಡ್ಡು ಕೊಟ್ಟು ತಂದಿದ್ದು.

1941ರಲ್ಲಿ ನ್ಯೂಯಾರ್ಕಿನ ವಿಲ್ಲರ್ಡ್ ಗ್ಯಾಲರಿಯಲ್ಲಿ ಇವುಗಳ ಪ್ರದರ್ಶನ ಆಯ್ತು. 1942ರ ಮಾರ್ಚ್‌ನಲ್ಲಿ ಅನ್ನಿ ಕಾಲೇಜಿನಲ್ಲಿ ಒಡವೆ ಬಗ್ಗೆ ಒಂದು ಭಾಷಣ ಮಾಡಿದಳು. ಮೊಂಟೆ ಅಲ್ಬಾನ್ ನಿಧಿ ನೋಡಿದ್ದರಿಂದಲೇ ಇದೆಲ್ಲ ಹುಟ್ಟಿತು ಅಂತ ಹೇಳಿದ್ದು ಅಲ್ಲೇ. ವಸ್ತು ದುಬಾರಿ ಅನ್ನೋ ಕಾರಣಕ್ಕೆ ಅದು ಚೆಂದ ಆಗಲ್ಲ, ದಿನಾ ಬಳಸೋ ಸಾಮಾನನ್ನ ಅದರ ಕೆಲಸದಿಂದ ಬಿಡಿಸಿ ನೋಡಿದ್ರೆ ಅದರ ರೂಪ ಕಾಣುತ್ತೆ ಅನ್ನೋದು ಆ ಭಾಷಣದ ತಿರುಳು. ಆ ಹೊತ್ತಿಗೆ ಅಮೆರಿಕ ಯುದ್ಧಕ್ಕೆ ಇಳಿದು ಮೂರು ತಿಂಗಳಾಗಿತ್ತು, ಲೋಹ ಎಲ್ಲಾ ಯುದ್ಧದ ಕಾರ್ಖಾನೆಗಳ ಕಡೆ ತಿರುಗ್ತಿತ್ತು. 1946ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂ, ಅಂದ್ರೆ ಮೋಮಾ, ಕೈಯಲ್ಲಿ ಮಾಡಿದ ಆಧುನಿಕ ಒಡವೆಗಳ ಪ್ರದರ್ಶನ ಇಟ್ಟಿತು. ಅಲ್ಲಿ ಅಲೆಕ್ಸಾಂಡರ್ ಕಾಲ್ಡರ್‌ನಂಥ ದೊಡ್ಡವರ ಕೆಲಸದ ಜೊತೆ ಇವರದ್ದೂ ಇತ್ತು. 1949ರಲ್ಲಿ ಅನ್ನಿಯ ನೇಯ್ಗೆಗೇ ಅಂತ ಮೋಮಾ ಪ್ರದರ್ಶನ ಮಾಡಿತು. ಅಲ್ಲಿ ಜವಳಿ ಕಲಾವಿದರೊಬ್ಬರಿಗೆ ಸಿಕ್ಕ ಮೊದಲ ಸೋಲೊ ಅದು.

ರೀಡ್ ಬಗ್ಗೆ ಒಂದು ವಿಷಯ. ಕಾಲೇಜಿನ ಸ್ಥಾಪಕರಲ್ಲಿ ಒಬ್ಬರಾದ ಥಿಯೊಡೋರ್ ಡ್ರೈಯರ್ ಅವರ ಪುಟ್ಟ ಮಗ ಮಾರ್ಕ್ 1941ರಲ್ಲಿ ಅಪಘಾತದಲ್ಲಿ ತೀರಿಕೊಂಡ. ಅವನ ನೆನಪಿಗೆ ರೀಡ್ ಕ್ಯಾಂಪಸ್ಸಿನಲ್ಲಿ ತನ್ನ ಕೈಯಾರೆ ಒಂದು ಸಣ್ಣ ಮನೆ ಕಟ್ಟಿದ. ಸುಮ್ಮನೆ ಹೋಗಿ ಕೂತ್ಕೊಳ್ಳೋಕೆ ಅಂತ. "ಕ್ವಯಟ್ ಹೌಸ್" ಅಂತ ಅದರ ಹೆಸರು. ಹೇರ್‌ಪಿನ್ ಪೋಣಿಸಿದ್ದು ಇದೇ ಕೈ.

ಭಾಗ 7: ಫೆಲ್ಟ್ ಹೂವು ಯಾಕೆ ಮ್ಯೂಸಿಯಂಗೆ ಹೋಗಲ್ಲ?

ಅದೇ ಯುದ್ಧದ ಕಾಲ, ಬ್ರಿಟನ್. 1941ರ ಜೂನ್ 1ರಿಂದ ಬಟ್ಟೆಗೂ ರೇಷನ್. ವರ್ಷಕ್ಕೆ ಒಬ್ಬರಿಗೆ 66 ಕೂಪನ್, ಅದರಲ್ಲೇ ಕೋಟು, ಶೂ, ಒಳಬಟ್ಟೆ ಎಲ್ಲಾ. 1943ರಲ್ಲಿ "ಇರೋದ್ರಲ್ಲೇ ರಿಪೇರಿ ಮಾಡ್ಕೊಳ್ಳಿ" ಅನ್ನೋ ಅರ್ಥದ ಹೆಸರಿನ ಪುಸ್ತಿಕೆನ ಸರ್ಕಾರವೇ ಹೊರಡಿಸಿತು. ಹಳೇ ಕೋಟಿಗೆ ಸ್ವಲ್ಪ ಕಳೆ ಬರ್ಲಿ ಅಂತ ಹೆಂಗಸರು ಹಳೇ ಫೆಲ್ಟ್ ಹ್ಯಾಟ್ ಕತ್ತರಿಸಿ ಹೂವು, ಎಲೆ, ಹಣ್ಣಿನ ಬ್ರೋಚ್ ಮಾಡ್ಕೊಂಡ್ರು (ನಾಲ್ಕನೇ ಫೋಟೊ).

ಫೆಲ್ಟೇ ಯಾಕೆ? ಅದು ನೇಯ್ದ ಬಟ್ಟೆ ಅಲ್ಲ. ಕುರಿ ಉಣ್ಣೆಯ ಪ್ರತಿ ಎಳೆ ಮೇಲೂ ಕಣ್ಣಿಗೆ ಕಾಣದಷ್ಟು ಸಣ್ಣ ಹುರುಪೆ ಇರುತ್ತೆ. ಬಿಸಿನೀರು, ಸೋಪು ಹಾಕಿ ಉಜ್ಜಿ ಉಜ್ಜಿ ಒತ್ತಿದ್ರೆ ಎಳೆಗಳು ಒಂದಕ್ಕೊಂದು ಸಿಕ್ಕಿಹಾಕ್ಕೊಂಡು ಹಾಳೆ ಆಗುತ್ತೆ. ನೂಲೂ ಬೇಡ, ಮಗ್ಗವೂ ಬೇಡ. (ನಮ್ಮ ಕುರುಬರ ಕಂಬಳಿ ಫೆಲ್ಟ್ ಅಲ್ಲ ಮತ್ತೆ. ಅದಕ್ಕೆ ಉಣ್ಣೆನ ನೂಲು ಮಾಡಿ ಮಗ್ಗದಲ್ಲಿ ನೇಯ್ತಾರೆ, ಹುಣಸೆಬೀಜದ ಗಂಜಿ ಹಾಕ್ತಾರೆ.) ಹಾಸು-ಹೊಕ್ಕು ಇಲ್ಲದ್ದರಿಂದ ಫೆಲ್ಟ್ ಎಲ್ಲಿ ಕತ್ತರಿಸಿದ್ರೂ ಎಳೆ ಬಿಚ್ಚಿಕೊಳ್ಳಲ್ಲ, ಅಂಚು ಮಡಚಿ ಹೊಲೀಬೇಕಾಗಿಲ್ಲ. ಒಂದು ಕತ್ತರಿ, ಒಂದು ಸೂಜಿ ಸಾಕು.

ಫೆಲ್ಟ್ ಅಂದ್ರೆ ಬಡವರ ಸಾಮಾನು ಅಂತ ಯಾರಾದ್ರೂ ಅಂದ್ರೆ 1993ರಲ್ಲಿ ಸೈಬೀರಿಯಾದ ಅಲ್ತಾಯ್ ಬೆಟ್ಟದ ಉಕೋಕ್ ಪ್ರಸ್ಥಭೂಮಿಯಲ್ಲಿ ಸಿಕ್ಕಿದ್ದನ್ನ ತೋರಿಸಿ. ನತಾಲಿಯಾ ಪೊಲೊಸ್ಮಾಕ್ ತಂಡ ಅಲ್ಲಿ ಸುಮಾರು 2,500 ವರ್ಷ ಹಿಂದಿನ, ಹಿಮದಲ್ಲಿ ಕೆಡದೆ ಉಳಿದ ಒಬ್ಬ ಹೆಣ್ಣಿನ ಸಮಾಧಿ ತೆಗೀತು. ಅವಳ ತಲೆ ಮೇಲಿನ ಎತ್ತರದ ಅಲಂಕಾರದಲ್ಲಿ ಫೆಲ್ಟ್ ಇತ್ತು, ಮರದಲ್ಲಿ ಕೆತ್ತಿ ಬಂಗಾರದ ತಗಡು ಸುತ್ತಿದ ಪುಟ್ಟ ಪ್ರಾಣಿಗಳಿದ್ವು. ಆರು ಕುದುರೆಗಳ ಜೊತೆ ಹೂಳಿಸಿಕೊಂಡ ಹೆಣ್ಣಿಗೆ ಫೆಲ್ಟ್ ಕಮ್ಮಿ ಅನ್ನಿಸಿರಲಿಲ್ಲ.

ಸರಿ, ಈಗ ನನ್ನ ತಕರಾರು. 1940ರ ದಶಕದ ಫೆಲ್ಟ್ ಹೂವು, 1940ರ ದಶಕದ ವಾಷರ್ ಹಾರ. ಎರಡೂ ಕೈಯಲ್ಲಿ ಮಾಡಿದ್ದು, ಎರಡೂ ಬಂಗಾರ ಅಲ್ಲ. ಒಂದು "ಕಲೆ" ಆಯ್ತು, ಇನ್ನೊಂದು "ಹಾಬಿ" ಆಗಿ ಡಬ್ಬಿಯಲ್ಲೇ ಉಳೀತು. ಹೂವಿನ ಬ್ರೋಚ್ ಹೂವಿನ ನಕಲು, ವಾಷರ್ ಹಾರ ಯಾವುದರ ನಕಲೂ ಅಲ್ಲ, ಇದು ಒಂದು ಉತ್ತರ. ಒಪ್ತೀನಿ. ಆದ್ರೆ ಪೂರ್ತಿ ಅಲ್ಲ. ಅನ್ನಿ ಹಿಂದೆ ಬೌಹೌಸ್ ಹೆಸರಿತ್ತು, ನ್ಯೂಯಾರ್ಕ್ ಗ್ಯಾಲರಿ ಇತ್ತು, ಕೆಲಸದ ಬಗ್ಗೆ ಬರೆದಿಟ್ಟ ಭಾಷಣ ಇತ್ತು. ಫೆಲ್ಟ್ ಹೂವು ಮಾಡಿದವಳ ಹೆಸರನ್ನ ಯಾರೂ ಬರೆದಿಡಲಿಲ್ಲ. ನೂಲನ್ನ "ಹೆಂಗಸರ ಕೆಲಸ" ಅಂದ ಜಗತ್ತಿನಲ್ಲಿ ಬೆಳೆದ ಅನ್ನಿಗೆ ಈ ಅನ್ಯಾಯ ನಮಗಿಂತ ಚೆನ್ನಾಗಿ ಗೊತ್ತಿತ್ತು ಅನ್ಸುತ್ತೆ.

ಭಾಗ 8: ನಮ್ಮ 1963

ಬರ್ಲಿನ್ ಕಥೆ ಓದ್ತಾ ಓದ್ತಾ ನಮ್ಮ ಕಡೆದೊಂದು ನೆನಪಾಗದೆ ಇರಲ್ಲ.

1962ರ ಚೀನಾ ಯುದ್ಧ. ದೇಶದ ತುಂಬ ಹೆಂಗಸರು ರಕ್ಷಣಾ ನಿಧಿಗೆ ಬಳೆ, ಸರ ಬಿಚ್ಚಿಕೊಟ್ಟರು. ಇಂದಿರಾ ಗಾಂಧಿಯೂ ತಮ್ಮ ಒಡವೆ ಕೊಟ್ಟರು. 1813ರ ಹಾಗೇ. ಆಮೇಲೆ 1963ರ ಜನವರಿಯಲ್ಲಿ, ಮೊರಾರ್ಜಿ ದೇಸಾಯಿ ಹಣಕಾಸು ಮಂತ್ರಿ ಆಗಿದ್ದಾಗ, ಚಿನ್ನ ನಿಯಂತ್ರಣ ನಿಯಮ ಬಂತು: ಇನ್ನು ಮುಂದೆ 14 ಕ್ಯಾರೆಟ್‌ಗಿಂತ ಹೆಚ್ಚಿನ ಒಡವೆ ಮಾಡೋ ಹಾಗಿಲ್ಲ. 22 ಕ್ಯಾರೆಟ್ ಅಂದ್ರೆ 100ಕ್ಕೆ ಸುಮಾರು 92 ಪಾಲು ಬಂಗಾರ. 14 ಅಂದ್ರೆ ಸುಮಾರು 58. ನಮ್ಮ ಮೈಸೂರು ರಾಜ್ಯದ ಕೋಲಾರದಲ್ಲಿ ನೆಲದಡಿಯಿಂದ ಬಂಗಾರ ತೆಗೀತಾನೇ ಇದ್ರು. ಮೇಲೆ ಅಕ್ಕಸಾಲಿಗ ಮಾತ್ರ ಅದನ್ನ ಶುದ್ಧವಾಗಿ ಮುಟ್ಟೋ ಹಾಗಿರಲಿಲ್ಲ.

14 ಕ್ಯಾರೆಟ್ ಗಡುಸು. ತಲೆಮಾರಿನಿಂದ ಮೆತ್ತನೆ ಬಂಗಾರಕ್ಕೆ ಒಗ್ಗಿದ ಕೈಗೆ ತಂತಿ ಎಳೆಯೋದು, ಸಣ್ಣ ಗೆಜ್ಜೆ ಕೂರಿಸೋದು ಬೇರೆಯೇ ಕೆಲಸ. ಬಣ್ಣವೂ ಬೇರೆ. ಮದುವೆ ಮನೆಯವರು ಅದನ್ನ ಬಂಗಾರ ಅಂತ ಒಪ್ಪೋಕೆ ತಯಾರಿರಲಿಲ್ಲ. ದೇಶದ ತುಂಬ ಅಕ್ಕಸಾಲಿಗರ, ಉತ್ತರ ಕರ್ನಾಟಕದ ಮಾತಲ್ಲಿ ಪತ್ತಾರರ, ಕೆಲಸ ಹೋಯ್ತು. 1966ರಲ್ಲಿ 14 ಕ್ಯಾರೆಟ್ ಮಿತಿ ತೆಗೆದ್ರು. ಆದ್ರೆ 1968ರಲ್ಲಿ ಚಿನ್ನ ನಿಯಂತ್ರಣ ಕಾಯ್ದೆಯೇ ಬಂತು, ಅದು ಪೂರ್ತಿ ಹೋಗಿದ್ದು 1990ರಲ್ಲಿ.

ಅದಕ್ಕೇ "ಬಂಗಾರ ಬೇಡ, ಕ್ರಿಯೇಟಿವ್ ಆಗಿ ಇರೋಣ" ಅನ್ನೋ ಪೋಸ್ಟ್ ನೋಡಿದಾಗ ನಂಗೆ ಸ್ವಲ್ಪ ಮುಜುಗರ. ವಾಷರ್ ಎತ್ಕೊಂಡಿದ್ದು ಅನ್ನಿಯ ಆಯ್ಕೆ. 1963ರ ಅಕ್ಕಸಾಲಿಗನಿಗೆ ಆಯ್ಕೆ ಇರಲಿಲ್ಲ, 1939ರ ಬರ್ಲಿನ್‌ನಲ್ಲಿ ಗಿರವಿ ಅಂಗಡಿ ಮುಂದೆ ನಿಂತವರಿಗೂ ಇರಲಿಲ್ಲ.

ನಿಮ್ಮ ಅಜ್ಜಿ 1963ರಿಂದ 66ರೊಳಗೆ ಮದುವೆ ಆದವರಾದ್ರೆ ಕೇಳಿ ನೋಡಿ: ತಾಳಿ ಎಲ್ಲಿ ಮಾಡಿಸಿದ್ರು? ಹಳೇ ಒಡವೆ ಕರಗಿಸಿದ್ರಾ? 14 ಕ್ಯಾರೆಟ್‌ದು ಏನಾದ್ರೂ ಇನ್ನೂ ಪೆಟ್ಟಿಗೆಯಲ್ಲಿ ಇದೆಯಾ? ಮನೆಯಲ್ಲಿ ಅಕ್ಕಸಾಲಿಗರು ಇದ್ದಿದ್ರೆ ಆ ಮೂರು ವರ್ಷ ಏನು ಕೆಲಸ ಮಾಡಿದ್ರು? ಗೊತ್ತಾದ್ರೆ ನಂಗೆ ಮೆಸೇಜ್ ಮಾಡಿ, ಅಜ್ಜಿ ಒಪ್ಪಿದ್ರೆ ಮಾತ್ರ ಒಡವೆಯ ಫೋಟೊನೂ ಕಳಿಸಿ. ಮುಂದಿನ ಸರಣಿ ಅದರ ಮೇಲೇ ಮಾಡೋಣ.